ಹಲ್ಲಿನ ತಂತಿಯೂ ದವಡೆಯ ಕೀಲೂ

ವಿವಾಹವಾಗಿ ಮಕ್ಕಳಾದ ಮೇಲೆ ಹಲ್ಲನ್ನು ಸರಿಪಡಿಸಿಕೊಳ್ಳುವವರು ನಮ್ಮ ಮಲೆನಾಡಿನಲ್ಲಿ ಹಿಂದೆ ವಿರಳವಾಗಿದ್ದರು. ಉಬ್ಬುಹಲ್ಲು, ಒಂದರ ಮೇಲೊಂದು ಏರಿದ ಹಲ್ಲು, ಸಂದು ಬಿಟ್ಟ ಹಲ್ಲು ಇವೆಲ್ಲ ಹುಟ್ಟಿನಿಂದ ಬಂದವು, ಇದ್ದಂತೆ ಇರಲಿ ಎಂಬುದೇ ಸಾಮಾನ್ಯ ಭಾವನೆಯಾಗಿತ್ತು. ಈಗ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳಿಂದಲೂ ಇಪ್ಪತ್ತೈದು, ಮೂವತ್ತು ದಾಟಿದ ಸ್ತ್ರೀಪುರುಷರು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಿ ಹಲ್ಲಿಗೆ ತಂತಿ ಕಟ್ಟಿಸಿಕೊಳ್ಳುವುದುಂಟು. ಜನರು ಇದನ್ನು ಕ್ಲಿಪ್ ಹಾಕಿಸುವುದು ಎನ್ನುತ್ತಾರೆ. ವೈದ್ಯರು ವಕ್ರದಂತ ಚಿಕಿತ್ಸೆ ಎನ್ನುತ್ತಾರೆ.

ಇಂತಹ ಚಿಕಿತ್ಸೆಯ ನಡುವೆಯೋ, ಮುಗಿದ ಕೆಲವು ತಿಂಗಳ ಮೇಲೋ, ಬಾಯಿ ತೆರೆಯುವಾಗ ಕಿವಿಯ ಮುಂಭಾಗದಲ್ಲಿ ಲೊಟಕ್ಕೆಂಬ ಸಪ್ಪಳ ಕೇಳಿಸುವುದುಂಟು. ಮತ್ತೆ ಕೆಲವರಿಗೆ ಬೆಳಗ್ಗೆ ಏಳುವಾಗ ದವಡೆ ಬಿಗಿದಂತಿರುತ್ತದೆ. ಅಕ್ಕಿರೊಟ್ಟಿಯ ತುತ್ತನ್ನು ಅಗಿಯುವಷ್ಟರಲ್ಲಿ ಕೆನ್ನೆ ಸೋಲುತ್ತದೆ. ಆಗ ಮನೆಯಲ್ಲಿ ಮಾತು ಹುಟ್ಟುತ್ತದೆ. ‘ಬೇಡವೆಂದರೂ ಕೇಳದೆ ತಂತಿ ಹಾಕಿಸಿಕೊಂಡೆಯಲ್ಲ, ಈಗ ನೋಡು, ದವಡೆ ಕೆಟ್ಟಿತು’ ಎಂದು ಅತ್ತೆ ಸೊಸೆಗೆ ಹೇಳುವುದೂ, ‘ಅಷ್ಟು ಹಣ ಸುರಿದದ್ದು ಇದಕ್ಕೇ ಏನು?’ ಎಂದು ಗಂಡ ಕೇಳುವುದೂ ಅಪೂರ್ವವಲ್ಲ.

ಈ ದೂರಿನಲ್ಲಿ ಸತ್ಯವೆಷ್ಟು, ತಪ್ಪು ಗ್ರಹಿಕೆಯೆಷ್ಟು ಎಂಬುದನ್ನು ದಂಪತಿಗಳು ಅರಿತಿರುವುದು ಅವಶ್ಯ. ಅನವಶ್ಯಕ ಭಯದಿಂದ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವವರಿದ್ದಾರೆ ಎಂಬುದು ಒಂದು ಕಾರಣ. ಅದಕ್ಕಿಂತ ಗುರುತರವಾದ ಇನ್ನೊಂದು ಕಾರಣವುಂಟು. ಅಡಿಕೆ ಬೆಳೆಯುವ, ಅಡಿಕೆ ಮೆಲ್ಲುವ ನಮ್ಮ ಸೀಮೆಯಲ್ಲಿ ಬಾಯಿ ತೆರೆಯದಂತೆ ಮಾಡುವ ಬೇರೊಂದು ರೋಗವಿದೆ. ದೂರನ್ನೆಲ್ಲ ತಂತಿಯ ಮೇಲೆ ಹೊರಿಸಿ ಕುಳಿತರೆ ಆ ರೋಗವು ಯಾರ ಗಮನಕ್ಕೂ ಬಾರದೆ ಬೆಳೆಯುತ್ತ ಹೋಗುತ್ತದೆ.

ಕೀಲಿನ ರಚನೆ

ನಿಮ್ಮ ತೋರುಬೆರಳುಗಳನ್ನು ಎರಡೂ ಕಿವಿಗಳ ಮುಂದೆ, ಕಿವಿಯ ತೂತಿಗೆ ಅಡ್ಡವಾಗಿರುವ ಚಿಕ್ಕ ಉಬ್ಬಿನ ಪಕ್ಕದಲ್ಲಿಟ್ಟು ಬಾಯಿಯನ್ನು ನಿಧಾನವಾಗಿ ತೆರೆದು ಮುಚ್ಚಿರಿ. ಬೆರಳಿನ ಕೆಳಗೆ ಒಂದು ಗುಂಡಗಿನ ಮೂಳೆ ಮುಂದಕ್ಕೆ ಸರಿದು ಹಿಂದಕ್ಕೆ ಬರುವುದು ತಿಳಿಯುತ್ತದೆ. ಅದೇ ಕೆಳದವಡೆಯ ತಲೆ. ತಲೆಬುರುಡೆಯ ಕೆಳಭಾಗದ ಒಂದು ಗುಳಿಯಲ್ಲಿ ಅದು ಕೂತಿರುತ್ತದೆ. ಎರಡು ಮೂಳೆಗಳ ನಡುವೆ ನಾರಿನಂತಹ ಗಟ್ಟಿ ಅಂಗಾಂಶದ ಒಂದು ತೆಳು ಬಿಲ್ಲೆ ಇರುತ್ತದೆ.

ಬಾಗಿಲಿನ ತಿರುಗಣಿ ಇದ್ದಲ್ಲೇ ತಿರುಗುತ್ತದೆ. ದವಡೆಯ ಕೀಲು ಹಾಗಲ್ಲ. ಬಾಯಿ ತೆರೆಯುವ ಮೊದಲ ಹಂತದಲ್ಲಿ ಅದು ತಿರುಗಣಿಯಂತೆ ತಿರುಗಿ, ಇನ್ನೂ ಅಗಲಕ್ಕೆ ತೆರೆಯುವಾಗ ಮೇಜಿನ ಖಾನೆಯನ್ನು ಎಳೆದಂತೆ ಮುಂದಕ್ಕೆ ಜಾರುತ್ತದೆ. ಬಿಲ್ಲೆಯೂ ಜೊತೆಯಲ್ಲಿಯೇ ಜಾರಬೇಕು. ಎಡಬಲದ ಎರಡು ಕೀಲುಗಳೂ ಒಂದೇ ಮೂಳೆಯ ಎರಡು ತುದಿಗಳಾದುದರಿಂದ ಒಂದು ತಡೆದರೆ ಇನ್ನೊಂದಕ್ಕೂ ತೊಂದರೆ. ಗಲ್ಲ ಒಂದು ಕಡೆಗೆ ವಾಲುತ್ತದೆ. ಬಿಲ್ಲೆಯು ತನ್ನ ಸ್ಥಾನದಿಂದ ಸ್ವಲ್ಪ ಮುಂದಕ್ಕೆ ಸರಿದಿದ್ದರೆ, ದವಡೆಯ ತಲೆ ಅದರ ಅಂಚನ್ನು ಹತ್ತಿ ಇಳಿಯುವಾಗ ಲೊಟಕ್ಕೆಂಬ ಸಪ್ಪಳವಾಗುತ್ತದೆ.

ಈ ಸಪ್ಪಳಕ್ಕೆ ಹೆದರಬೇಕಾಗಿಲ್ಲ. ನೋವೇ ಇಲ್ಲದ, ಯಾವ ಚಿಕಿತ್ಸೆಯನ್ನೂ ಪಡೆಯದ ಜನರ ಕೀಲನ್ನು ಎಂ.ಆರ್.ಐ. ಯಂತ್ರದಿಂದ ಪರೀಕ್ಷಿಸಿದ ಅಧ್ಯಯನಗಳಲ್ಲಿ ಸುಮಾರು ಮೂರನೆಯ ಒಂದು ಭಾಗದವರಲ್ಲಿ ಬಿಲ್ಲೆ ಸರಿದಿರುವುದು ಕಂಡುಬಂದಿದೆ. ಬೆರಳು ನೆಟಿಗೆ ಮುರಿದಾಗ ಸದ್ದಾದರೆ ನಾವು ವೈದ್ಯರ ಬಳಿಗೆ ಓಡುವುದಿಲ್ಲ. ನೋವಿಲ್ಲದೆ, ಬಾಯಿ ತೆರೆಯಲು ಅಡ್ಡಿಯಿಲ್ಲದೆ ಕೇವಲ ಸಪ್ಪಳವಿದ್ದರೆ ದವಡೆಯ ಕೀಲಿಗೂ ಅದೇ ನ್ಯಾಯ.

ತಂತಿಯು ಮಾಡುವ ಕೆಲಸ

ಗದ್ದೆಯ ಬದಿಯಲ್ಲಿ ನೆಟ್ಟ ಬೇಲಿಗೂಟವನ್ನು ಒಂದೇ ದಿಕ್ಕಿಗೆ ದಿನವೂ ಮೆಲ್ಲಗೆ ಒತ್ತುತ್ತ ಬಂದರೆ ಮುಂದಿನ ಮಣ್ಣು ಬಿಟ್ಟುಕೊಡುತ್ತದೆ, ಹಿಂದೆ ಸಂದು ಬೀಳುತ್ತದೆ. ಹಲ್ಲನ್ನು ಹಿಡಿದ ಮೂಳೆಯಲ್ಲಿಯೂ ಹೀಗೆಯೇ ಆಗುತ್ತದೆ. ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ. ಎಳೆತ ಬಿದ್ದ ಕಡೆ ಶರೀರವೇ ಹೊಸ ಮೂಳೆಯನ್ನು ಕಟ್ಟಿ ಸಂದನ್ನು ತುಂಬುತ್ತದೆ. ಆದಕಾರಣ ಈ ಚಿಕಿತ್ಸೆ ತಿಂಗಳುಗಟ್ಟಲೆ ಹಿಡಿಯುತ್ತದೆ. ವಯಸ್ಕರಲ್ಲಿ ಒಂದೂವರೆ ಎರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು.

ಮಕ್ಕಳಿಗೂ ದೊಡ್ಡವರಿಗೂ ಇಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಹತ್ತು ಹನ್ನೆರಡು ವರ್ಷದ ಮಗುವಿನ ದವಡೆ ಇನ್ನೂ ಬೆಳೆಯುತ್ತಿರುತ್ತದೆ. ವೈದ್ಯರು ಆ ಬೆಳವಣಿಗೆಯ ನೆರವನ್ನು ಪಡೆಯಬಲ್ಲರು. ಬೆಳವಣಿಗೆ ನಿಂತ ಮೇಲೆ ಹಲ್ಲನ್ನು ಸರಿಸಬಹುದೇ ಹೊರತು ದವಡೆಯನ್ನು ತಂತಿಯಿಂದ ಬೆಳೆಸಲಾಗದು. ಮೇಲಿನ ದವಡೆಗೂ ಕೆಳಗಿನ ದವಡೆಗೂ ಬಹಳ ಅಂತರವಿದ್ದರೆ ಶಸ್ತ್ರಚಿಕಿತ್ಸೆಯೂ ಸೇರಬೇಕಾಗುತ್ತದೆ. ತಂತಿ ಹಾಕಿದರೆ ಗಲ್ಲ ಮುಂದೆ ಬರುತ್ತದೆ, ಮುಖದ ಆಕಾರವೇ ಬದಲಾಗುತ್ತದೆ ಎಂದು ನಂಬಿ ಹಣ ಹೊಂದಿಸುವ ದಂಪತಿಗಳು ಮೊದಲೇ ಈ ಮಾತನ್ನು ವೈದ್ಯರಲ್ಲಿ ಕೇಳಿ ತಿಳಿಯಬೇಕು.

ಹಾಗಾದರೆ ವಯಸ್ಕರ ಕೀಲಿನಲ್ಲಿ ಏನೂ ಬದಲಾಗುವುದಿಲ್ಲವೆ? ಸ್ವಲ್ಪ ಬದಲಾಗುತ್ತದೆ. ಕೀಲಿನ ಮೂಳೆ ಸತ್ತ ವಸ್ತುವಲ್ಲ. ಬೀಳುವ ಭಾರಕ್ಕೆ ತಕ್ಕಂತೆ ಜೀವಮಾನವಿಡೀ ತನ್ನ ಮೇಲ್ಮೈಯನ್ನು ಸಣ್ಣ ಪ್ರಮಾಣದಲ್ಲಿ ತಿದ್ದಿಕೊಳ್ಳುತ್ತಿರುತ್ತದೆ. ಹಲ್ಲುಗಳು ಒಂದರ ಮೇಲೊಂದು ಕೂಡುವ ರೀತಿ ಬದಲಾದಾಗ ದವಡೆಯ ತಲೆ ಗುಳಿಯಲ್ಲಿ ಕೂರುವ ಸ್ಥಾನವೂ ಕೊಂಚ ಬದಲಾಗಬಹುದು. ಚಿಕಿತ್ಸೆಗೆ ಮುಂಚೆ ಮತ್ತು ನಂತರ ತೆಗೆದ ಸ್ಕ್ಯಾನ್ ಚಿತ್ರಗಳಲ್ಲಿ ಇಂತಹ ಅಲ್ಪ ಬದಲಾವಣೆಗಳು ಕಾಣುತ್ತವೆ. ಆದರೆ ಚಿತ್ರದಲ್ಲಿ ಬದಲಾವಣೆ ಕಂಡವರಿಗೆಲ್ಲ ನೋವು ಬರುವುದಿಲ್ಲ, ನೋವು ಬಂದವರ ಚಿತ್ರದಲ್ಲೆಲ್ಲ ಬದಲಾವಣೆ ಇರುವುದಿಲ್ಲ. ಆದಕಾರಣ ಚಿತ್ರವೊಂದನ್ನೇ ನೋಡಿ ‘ಕೀಲು ಸವೆದಿದೆ’ ಎಂದು ಯಾರಾದರೂ ಹೆದರಿಸಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯವನ್ನು ಪಡೆಯುವುದು ಲೇಸು.

ಅಪವಾದ ಹುಟ್ಟಿದ ಬಗೆ

ಹಲ್ಲು ಕೂಡುವ ರೀತಿಗೂ ಕೀಲಿನ ನೋವಿಗೂ ನೇರ ಸಂಬಂಧವಿದೆಯೆಂಬ ವಿಚಾರ ಹೊಸದಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದ ಕಿವಿ ಮೂಗು ಗಂಟಲು ವೈದ್ಯ ಜೇಮ್ಸ್ ಕಾಸ್ಟನ್ 1934ರಲ್ಲಿ ಇದನ್ನು ಪ್ರತಿಪಾದಿಸಿದರು. ದವಡೆಹಲ್ಲು ಕಳೆದುಕೊಂಡವರಲ್ಲಿ ಕಿವಿನೋವು, ತಲೆನೋವು ಕಂಡ ಅವರು ಕೀಲಿನ ಮೇಲೆ ಬೀಳುವ ಒತ್ತಡವೇ ಕಾರಣವೆಂದು ಊಹಿಸಿದರು. ಬಹುಕಾಲ ದಂತವೈದ್ಯರು ಇದನ್ನು ನಂಬಿಕೊಂಡು ಬಂದರು. 1987ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಒಂದು ಮೊಕದ್ದಮೆಯಲ್ಲಿ, ಹಲ್ಲು ಕಿತ್ತು ತಂತಿ ಹಾಕಿದ ಚಿಕಿತ್ಸೆಯಿಂದ ಕೀಲು ಕೆಟ್ಟಿತೆಂದು ದೂರಿದ ರೋಗಿಗೆ ದೊಡ್ಡ ಮೊತ್ತದ ಪರಿಹಾರ ದೊರೆಯಿತು. ಅಲ್ಲಿಂದ ಮುಂದೆ ಈ ವಿಷಯವನ್ನು ಗಂಭೀರವಾಗಿ ಪರೀಕ್ಷಿಸುವ ಅಧ್ಯಯನಗಳು ಹೆಚ್ಚಾದವು. ತಂತಿ ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ವರ್ಷಗಳ ಕಾಲ ಹೋಲಿಸಿ ನೋಡಲಾಯಿತು. 1990ರ ದಶಕದ ಹೊತ್ತಿಗೆ ದೊರೆತ ಒಟ್ಟಾರೆ ಉತ್ತರ ಇದು: ಸರಿಯಾಗಿ ಮಾಡಿದ ವಕ್ರದಂತ ಚಿಕಿತ್ಸೆ ಕೀಲುನೋವನ್ನು ಹುಟ್ಟಿಸುವುದಿಲ್ಲ, ಬರದಂತೆ ತಡೆಯುವುದೂ ಇಲ್ಲ. ನಾಲ್ಕು ಹಲ್ಲು ಕಿತ್ತರೆ ದವಡೆ ಹಿಂದಕ್ಕೆ ಸರಿದು ಕೀಲು ಕೆಡುತ್ತದೆಂಬ ಮಾತಿಗೂ ಆಧಾರ ದೊರೆಯಲಿಲ್ಲ.

ಉತ್ತರದ ಎರಡನೆಯ ಭಾಗವನ್ನೂ ಗಮನಿಸತಕ್ಕದ್ದು. ‘ನಿಮ್ಮ ದವಡೆನೋವಿಗೆ ತಂತಿಯೇ ಮದ್ದು’ ಎಂದು ಹೇಳಿ ದುಬಾರಿ ಚಿಕಿತ್ಸೆಗೆ ಒಪ್ಪಿಸುವುದೂ ಸರಿಯಲ್ಲ. ಕೀಲುನೋವಿದ್ದರೆ ಮೊದಲು ಅದನ್ನು ಶಮನಗೊಳಿಸಿ, ಆಮೇಲೆ ಹಲ್ಲಿನ ಕಡೆ ನೋಡುವುದು ಕ್ರಮ.

ಮತ್ತೇಕೆ ಇಷ್ಟು ಜನರಿಗೆ ಚಿಕಿತ್ಸೆಯ ಸಮಯದಲ್ಲಿಯೇ ನೋವು ಕಾಣಿಸುತ್ತದೆ? ದವಡೆಕೀಲಿನ ನೋವು ಹೆಚ್ಚಾಗಿ ಬರುವುದು ಇಪ್ಪತ್ತರಿಂದ ನಲವತ್ತರ ವಯಸ್ಸಿನಲ್ಲಿ, ಅದರಲ್ಲಿಯೂ ಸ್ತ್ರೀಯರಿಗೆ. ವಯಸ್ಕರು ತಂತಿ ಹಾಕಿಸಿಕೊಳ್ಳುವುದೂ ಅದೇ ವಯಸ್ಸಿನಲ್ಲಿ. ಎರಡೂ ಒಟ್ಟಿಗೆ ಬಂದಾಗ ಒಂದು ಇನ್ನೊಂದಕ್ಕೆ ಕಾರಣವೆಂದು ತೋರುವುದು ಸಹಜ.

ಚಿಕಿತ್ಸೆಯಿಂದಲೇ ಬರುವ ತೊಂದರೆಗಳು ಇಲ್ಲವೆಂದಲ್ಲ. ತಂತಿ ಬಿಗಿದ ಮೇಲೆ ಎರಡು ಮೂರು ದಿನ ಹಲ್ಲು ಮುಟ್ಟಿದರೂ ನೋಯುತ್ತದೆ. ಹಲ್ಲುಗಳು ಸ್ಥಳ ಬದಲಿಸುವ ನಡುಕಾಲದಲ್ಲಿ ಒಂದು ಹಲ್ಲು ಉಳಿದವಕ್ಕಿಂತ ಮೊದಲೇ ತಾಗುತ್ತಿದ್ದು, ದವಡೆ ಅದನ್ನು ತಪ್ಪಿಸಲು ಓರೆಯಾಗಿ ಮುಚ್ಚುತ್ತ ಸ್ನಾಯುಗಳು ದಣಿಯುತ್ತವೆ. ಇದು ಕೀಲಿನ ರೋಗವಲ್ಲ, ಸ್ನಾಯುವಿನ ಆಯಾಸ. ಮುಂದಿನ ಭೇಟಿಯಲ್ಲಿ ತಿಳಿಸಿದರೆ ವೈದ್ಯರು ಸರಿಪಡಿಸುತ್ತಾರೆ. ಅಪರೂಪವಾಗಿ, ಮುಖ್ಯವಾಗಿ ಎಳೆಯ ವಯಸ್ಸಿನ ಸ್ತ್ರೀಯರಲ್ಲಿ, ದವಡೆಯ ತಲೆಯೇ ಕರಗುತ್ತ ಹೋಗುವ ಒಂದು ಸ್ಥಿತಿ ಉಂಟು. ಗಲ್ಲ ದಿನೇ ದಿನೇ ಹಿಂದಕ್ಕೆ ಸರಿದಂತೆ ಕಾಣುವುದು, ಮೊದಲು ಕೂಡುತ್ತಿದ್ದ ಮುಂಭಾಗದ ಹಲ್ಲುಗಳು ಈಗ ಕೂಡದೆ ನಡುವೆ ಕಿಂಡಿ ಬೀಳುವುದು ಇದರ ಚಿಹ್ನೆ. ಇದು ಕಂಡರೆ ತಂತಿಯ ಕೆಲಸವನ್ನು ನಿಲ್ಲಿಸಿ ತಜ್ಞರು ಪರೀಕ್ಷಿಸಬೇಕು.

ನಮ್ಮ ಭಾಗದಲ್ಲಿ ಇನ್ನೊಂದು ವಿಶೇಷ ತೊಂದರೆಯಿದೆ. ಪಟ್ಟಣದ ವೈದ್ಯರಿಗೆ ಅದು ಹೊಳೆಯದೆ ಹೋಗಬಹುದು. ತಂತಿ ಹಾಕಿಸಿದವರು ನಾಲ್ಕರಿಂದ ಆರು ವಾರಕ್ಕೊಮ್ಮೆ ತೋರಿಸಬೇಕು. ಆಗುಂಬೆ, ಹುಲಿಕಲ್ ಘಟ್ಟಗಳ ಆಷಾಢದ ಮಳೆಯಲ್ಲಿ ಅದು ಸಾಧ್ಯವೆ? ಘಟ್ಟದಲ್ಲಿ ಮಣ್ಣು ಕುಸಿಯಿತು, ಬಸ್ಸಿಲ್ಲ, ನಾಟಿಯ ಕೆಲಸವಿದೆ, ತೋಟಕ್ಕೆ ಮದ್ದು ಹೊಡೆಯಬೇಕು ಎಂದು ಎರಡು ಮೂರು ತಿಂಗಳು ಕಳೆದುಹೋಗುತ್ತವೆ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ಹಾಕುವ ರಬ್ಬರ್ ಬ್ಯಾಂಡನ್ನು ಮಾತ್ರ ತಾವೇ ಹಾಕಿಕೊಳ್ಳುತ್ತ, ತಜ್ಞರ ಕಣ್ಣಿಗೆ ಬೀಳದೆ ಅಷ್ಟು ಕಾಲ ಮುಂದುವರಿಯುವುದು ಒಳ್ಳೆಯದಲ್ಲ. ಹಲ್ಲು ಬೇಡದ ಕಡೆಗೂ ಚಲಿಸಬಹುದು. ಚಿಕಿತ್ಸೆ ಆರಂಭಿಸುವ ಮುಂಚೆಯೇ ‘ಮಳೆಗಾಲದಲ್ಲಿ ಬರಲಾಗದಿದ್ದರೆ ಏನು ಮಾಡಬೇಕು, ರಬ್ಬರನ್ನು ಎಂದು ನಿಲ್ಲಿಸಬೇಕು’ ಎಂದು ಕೇಳಿ ಬರೆದುಕೊಂಡಿರಿ. ಸಾಧ್ಯವಿದ್ದವರು ಹತ್ತಿರದ ವೈದ್ಯರನ್ನೇ ಆರಿಸಿಕೊಳ್ಳುವುದು ಉತ್ತಮ.

ಬಾಯಿ ಕಿರಿದಾಗುತ್ತಿದೆಯೆ?

ಇನ್ನು ಈ ಪಾಠದ ಮುಖ್ಯ ಭಾಗಕ್ಕೆ ಬರೋಣ. ಬಾಯಿಯನ್ನು ಸಾಧ್ಯವಾದಷ್ಟು ತೆರೆದು ತಮ್ಮದೇ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದಾಗಿ ಮುಂಭಾಗದ ಹಲ್ಲುಗಳ ನಡುವೆ ಇಟ್ಟು ನೋಡಿರಿ. ಮೂರೂ ಸೇರಿದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಇನ್ನೂ ನಿಖರವಾಗಿ ಬೇಕಾದರೆ ಮಕ್ಕಳ ಶಾಲೆಯ ಅಳತೆಪಟ್ಟಿಯನ್ನು ಮೇಲಿನ ಹಲ್ಲಿನ ತುದಿಯಿಂದ ಕೆಳಗಿನ ಹಲ್ಲಿನ ತುದಿಗೆ ಹಿಡಿಯಿರಿ. ವಯಸ್ಕರಲ್ಲಿ ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರಿನಷ್ಟು ತೆರೆಯುತ್ತದೆ. ಸ್ತ್ರೀಯರಲ್ಲಿ ಕೊಂಚ ಕಡಿಮೆ. 35ಕ್ಕಿಂತ ಕಡಿಮೆಯಾದರೆ ತೋರಿಸಬೇಕು. ತಂತಿ ಹಾಕಿಸುವ ದಿನವೇ ಒಮ್ಮೆ ಅಳೆದು, ಆಮೇಲೆ ಪ್ರತಿ ತಿಂಗಳ ಮೊದಲನೆಯ ತಾರೀಖು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡಿ. ಗಂಡನದನ್ನು ಹೆಂಡತಿ, ಹೆಂಡತಿಯದನ್ನು ಗಂಡ ಅಳೆಯಲಿ. ತಾನೇ ಅಳೆದುಕೊಂಡರೆ ಕಣ್ಣಳತೆ ಮೋಸ ಮಾಡುತ್ತದೆ. ಒಂದು ದಿನದ ಅಂಕಿಗಿಂತ ಆರು ತಿಂಗಳ ಅಂಕಿಗಳು ವೈದ್ಯರಿಗೆ ಹೆಚ್ಚು ಹೇಳುತ್ತವೆ.

ಅಂಕಿ ಹಠಾತ್ತನೆ ಇಳಿದಿದ್ದರೆ, ಅದಕ್ಕೆ ಮುಂಚೆ ಲೊಟಲೊಟ ಸಪ್ಪಳವಿದ್ದು ಅದು ಒಂದು ದಿನ ನಿಂತು ಬಾಯಿ ಬಿಗಿದಿದ್ದರೆ, ನೋವು ಕಿವಿಯ ಮುಂದೆಯೇ ಇದ್ದರೆ, ತೆರೆಯುವಾಗ ಗಲ್ಲ ಒಂದು ಪಕ್ಕಕ್ಕೆ ವಾಲಿದರೆ, ಅದು ಬಹುಮಟ್ಟಿಗೆ ಕೀಲಿನ ಬಿಲ್ಲೆಯ ತೊಂದರೆ. ಬೇಗ ತೋರಿಸಿದರೆ ಬಹುಪಾಲು ಜನರಿಗೆ ವ್ಯಾಯಾಮ, ಕಾವು, ರಾತ್ರಿ ಹಾಕಿಕೊಳ್ಳುವ ಪ್ಲಾಸ್ಟಿಕ್ ತಟ್ಟೆ ಇವುಗಳಿಂದಲೇ ಉಪಶಮನವಾಗುತ್ತದೆ.

ಆದರೆ ಅಂಕಿಯು ತಿಂಗಳಿಂದ ತಿಂಗಳಿಗೆ, ನೋವಿಲ್ಲದೆ, ಸದ್ದಿಲ್ಲದೆ ಇಳಿಯುತ್ತಿದ್ದರೆ ಕೀಲನ್ನು ಬಿಟ್ಟು ಕೆನ್ನೆಯ ಒಳಭಾಗವನ್ನು ನೋಡಬೇಕು. ಮಿಡಿ ಉಪ್ಪಿನಕಾಯಿಯ ರಸ ತಾಗಿದರೆ ಬಾಯಿ ಮೊದಲಿಗಿಂತ ಹೆಚ್ಚು ಉರಿಯುತ್ತಿದೆಯೆ? ಕೆನ್ನೆಯ ಒಳಚರ್ಮ ಕೆಂಪು ಕಳೆದುಕೊಂಡು ಬಿಳಿಚಿದೆಯೆ? ಬೆರಳಿನಿಂದ ಮುಟ್ಟಿದರೆ ಒಳಗೆ ಹಗ್ಗದಂತೆ ಗಟ್ಟಿ ಎಳೆಗಳು ಸಿಗುತ್ತವೆಯೆ? ಕೆನ್ನೆ ಉಬ್ಬಿಸಿ ಊದಲು, ಸಿಳ್ಳೆ ಹಾಕಲು, ನಾಲಗೆ ಹೊರಚಾಚಲು ಕಷ್ಟವೆ? ಹೌದಾದರೆ ಅದು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ರೋಗವಿರಬಹುದು. ಬಾಯಿಯ ಒಳಚರ್ಮದ ಕೆಳಗೆ ನಾರುಗಟ್ಟುವ ರೋಗ ಎನ್ನೋಣ. ಇದನ್ನು ವೈದ್ಯಕೀಯ ಲೋಕ ಸ್ಪಷ್ಟವಾಗಿ ಗುರುತಿಸಿದ್ದು 1952ರಲ್ಲಿ, ಪೂರ್ವ ಆಫ್ರಿಕದ ಕೀನ್ಯಾದಲ್ಲಿ ನೆಲೆಸಿದ್ದ ಐದು ಮಂದಿ ಭಾರತೀಯ ಸ್ತ್ರೀಯರಲ್ಲಿ. ಇದಕ್ಕೆ ಮುಖ್ಯ ಕಾರಣ ಅಡಿಕೆ.

ಅಡಿಕೆಯಲ್ಲಿರುವ ಅರೆಕೋಲೀನ್ ಎಂಬ ಪದಾರ್ಥ ಚರ್ಮದ ಕೆಳಗಿನ ಜೀವಕೋಶಗಳನ್ನು ಕೆರಳಿಸಿ ಅತಿಯಾಗಿ ನಾರನ್ನು ನೇಯುವಂತೆ ಮಾಡುತ್ತದೆ. ಅಡಿಕೆಗೆ ಒಗರು ಕೊಡುವ ಟ್ಯಾನಿನ್ ಆ ನಾರು ಕರಗದಂತೆ ಗಟ್ಟಿಗೊಳಿಸುತ್ತದೆ. ಬೇಯಿಸಿ ಚೊಗರು ಕೊಟ್ಟ ಕೆಂಪಡಿಕೆಯಲ್ಲಿ ದೋಷವಿಲ್ಲವೆಂಬ ನಂಬಿಕೆ ನಮ್ಮಲ್ಲಿದೆ. ಬೇಯಿಸಿದರೆ ದೋಷ ಹೋಗುವುದಿಲ್ಲ. ತಂಬಾಕು ಸೇರಿಸದೆ ಬರಿಯ ಅಡಿಕೆ ಮೆಲ್ಲುವವರಿಗೂ ಈ ರೋಗ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1985ರಲ್ಲಿ ತಂಬಾಕು ಸೇರಿದ ಕವಳವನ್ನೂ, 2003ರಲ್ಲಿ ಅಡಿಕೆಯನ್ನೇ ಪ್ರತ್ಯೇಕವಾಗಿಯೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. ನಾರುಗಟ್ಟಿದ ಬಾಯಿಯಲ್ಲಿ ಮುಂದೆ ಕ್ಯಾನ್ಸರ್ ಹುಟ್ಟುವ ಸಂಭವ ಇತರರಿಗಿಂತ ಹೆಚ್ಚು.

ಅಡಿಕೆಯ ಆದಾಯದಿಂದಲೇ ಮನೆ ಕಟ್ಟಿ, ಮಕ್ಕಳನ್ನು ಓದಿಸಿದ ಜನರಿಗೆ, ಬಂದವರಿಗೆ ಮೊದಲು ಕವಳದ ತಟ್ಟೆಯನ್ನು ಮುಂದಿಡುವ ಜನರಿಗೆ ಈ ಮಾತನ್ನು ಹೇಳುವುದು ಸುಲಭವಲ್ಲ, ಕೇಳುವುದೂ ಹಿತವಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ತಡರಾತ್ರಿಯವರೆಗೆ ಕೂತವರು ನಿದ್ರೆ ತಡೆಯಲು ಕವಳ ಹಾಕುತ್ತಾರೆಂಬುದೂ ಗೊತ್ತಿರುವ ಸಂಗತಿಯೇ. ಅಡಿಕೆಯನ್ನು ಬೆಳೆಯುವುದು ಬೇರೆ, ಬಾಯಿಗೆ ಹಾಕುವುದು ಬೇರೆ ಎಂದಷ್ಟೇ ಇಲ್ಲಿ ಹೇಳಬಹುದು. ನಾರುಗಟ್ಟಿದ ಚರ್ಮ ಪೂರ್ತಿಯಾಗಿ ಮೊದಲಿನಂತಾಗುವುದು ಕಷ್ಟ. ಆದರೆ ಮೂರು ಬೆರಳು ಎರಡೂವರೆಯಾದಾಗಲೇ ಅಡಿಕೆ ಬಿಟ್ಟವರ ಬಾಯಿ ಅಲ್ಲಿಯೇ ನಿಲ್ಲುವ ಸಂಭವ ಬಹಳ. ಒಂದು ಬೆರಳಾಗುವವರೆಗೆ ಕಾದವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು.

ಹಲ್ಲಿಗೆ ತಂತಿ ಇದ್ದವರು ಅಡಿಕೆ ಮೆಲ್ಲದಿರಲು ಇನ್ನೊಂದು ಸಣ್ಣ ಕಾರಣವೂ ಇದೆ. ಗೋಟಡಿಕೆಯ ಒಂದು ಹೋಳು ಸಾಕು, ಹಲ್ಲಿಗೆ ಅಂಟಿಸಿದ ಗುಂಡಿ ಕಳಚಲು. ಮತ್ತೆ ಶಿವಮೊಗ್ಗದ ಬಸ್ಸು.

ಗರ್ಭಿಣಿಯರಿಗೆ

ತಂತಿ ಇರುವಾಗ ಗರ್ಭ ನಿಂತರೆ ತಂತಿ ತೆಗೆಸಬೇಕೆಂದು ಹಲವರು ತಿಳಿಯುತ್ತಾರೆ. ಹಾಗೇನೂ ಇಲ್ಲ. ವೈದ್ಯರಿಗೆ ಮಾತ್ರ ತಪ್ಪದೆ ತಿಳಿಸಿ. ಮುಂದೂಡಬಹುದಾದ ಎಕ್ಸ್‌ರೇಯನ್ನು ಅವರು ಮುಂದೂಡುತ್ತಾರೆ. ಈ ಕಾಲದಲ್ಲಿ ವಸಡು ಬೇಗ ಊದಿ ರಕ್ತ ಬರುವುದರಿಂದ ಹಲ್ಲುಜ್ಜುವುದನ್ನು ಇನ್ನೂ ಎಚ್ಚರಿಕೆಯಿಂದ ಮಾಡಬೇಕು. ದವಡೆನೋವಿದ್ದ ಸ್ತ್ರೀಯರನ್ನು ಗಮನಿಸಿದಾಗ, ಗರ್ಭದ ಕೊನೆಯ ತಿಂಗಳುಗಳಲ್ಲಿ ನೋವು ತಗ್ಗಿ, ಹೆರಿಗೆಯ ನಂತರ ಮರಳಿದ್ದು ಕಂಡಿದೆ. ಬಾಣಂತನದಲ್ಲಿ ನೋವು ಮರುಕಳಿಸಿದರೆ ಅದಕ್ಕೆ ತಂತಿಯನ್ನಾಗಲಿ ಮಗುವಿಗೆ ಹಾಲೂಡಿಸುವ ಭಂಗಿಯನ್ನಾಗಲಿ ದೂರಬೇಕಾಗಿಲ್ಲ. ನೋವಿನ ಗುಳಿಗೆಯನ್ನು ಅಂಗಡಿಯಿಂದ ತಾವಾಗಿ ತರಬಾರದು. ಪ್ಯಾರಾಸಿಟಮಾಲನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡಬಹುದು. ಐಬುಪ್ರೊಫೆನ್ ಜಾತಿಯ ಗುಳಿಗೆಗಳು ಗರ್ಭಿಣಿಗೆ, ವಿಶೇಷವಾಗಿ 20 ವಾರ ತುಂಬಿದ ಮೇಲೆ, ಸಲ್ಲವು.

ವಾಕರಿಕೆ ಕಳೆಯಲೆಂದು ಅಡಿಕೆ ಚೂರು ಬಾಯಿಗೆ ಹಾಕುವವರಿದ್ದಾರೆ. ಬಾಣಂತಿಗೆ ಊಟದ ಮೇಲೆ ವೀಳ್ಯ ಕೊಡುವ ರೂಢಿಯೂ ಉಂಟು. ಅಡಿಕೆಯನ್ನು ಬಿಡಿ. ಗರ್ಭಿಣಿ ಅಡಿಕೆ ಮೆಲ್ಲುವುದಕ್ಕೂ ಮಗುವಿನ ತೂಕ ಕಡಿಮೆಯಾಗುವುದಕ್ಕೂ ಸಂಬಂಧ ಕಂಡುಬಂದಿದೆ.

ಕಿರಿದಾದ ಬಾಯಿಯ ಅಪಾಯ ಹೆರಿಗೆಯ ದಿನ ಬೇರೆ ರೂಪದಲ್ಲಿ ಎದುರಾಗುತ್ತದೆ. ಸಿಸೇರಿಯನ್ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಮಾಡುತ್ತಾರೆ. ಆದರೆ ತುರ್ತು ಸಂದರ್ಭದಲ್ಲಿ ತಾಯಿಗೆ ಪೂರ್ಣ ಅರಿವಳಿಕೆ ಕೊಡಬೇಕಾಗಿ ಬಂದರೆ, ಬಾಯಿಯ ಮೂಲಕ ಉಸಿರಾಟದ ನಾಳಕ್ಕೆ ಕೊಳವೆ ಇಳಿಸಬೇಕು. ಬಾಯಿ ಎರಡು ಬೆರಳೂ ತೆರೆಯದಿದ್ದರೆ ಆ ಕೆಲಸ ಅತ್ಯಂತ ಕಠಿಣ. ತಾಯಿ ಮಗು ಇಬ್ಬರ ಉಸಿರೂ ಆ ಕೆಲವು ನಿಮಿಷಗಳನ್ನು ಅವಲಂಬಿಸಿರುತ್ತದೆ. ಮೊದಲೇ ತಿಳಿದಿದ್ದರೆ ಅರಿವಳಿಕೆ ತಜ್ಞರು ಬೇರೆ ಉಪಕರಣಗಳಿರುವ ಆಸ್ಪತ್ರೆಯಲ್ಲಿ ಹೆರಿಗೆಗೆ ಏರ್ಪಾಡು ಮಾಡುತ್ತಾರೆ. ಆದುದರಿಂದ ಪ್ರತಿ ತಿಂಗಳ 9ನೆಯ ತಾರೀಖಿನ ಗರ್ಭಿಣಿಯರ ತಪಾಸಣೆಗೆ ಹೋದಾಗ, ಯಾರೂ ಕೇಳದಿದ್ದರೂ, ‘ನನ್ನ ಬಾಯಿ ಇಷ್ಟೇ ತೆರೆಯುತ್ತದೆ’ ಎಂದು ಹೇಳಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಹಲ್ಲಿಗೆ ತಂತಿ ಇದ್ದರೆ ಅದನ್ನೂ ತಿಳಿಸಿ.

ಮನೆಯಲ್ಲಿ ಮಾಡತಕ್ಕದ್ದು

ಕೀಲು ನೋಯುವ ದಿನಗಳಲ್ಲಿ ಗಂಜಿ, ತಂಬುಳಿ ಅನ್ನ, ನೆನೆಸಿದ ಅವಲಕ್ಕಿ, ಮೆತ್ತಗಿನ ಕಡುಬು ಇವೇ ಪಥ್ಯ. ಚಕ್ಕುಲಿ, ಕಬ್ಬು, ಹಲಸಿನ ಹಪ್ಪಳ ಸ್ವಲ್ಪ ದಿನ ದೂರವಿರಲಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆಗೆ ದಿನಕ್ಕೆರಡು ಬಾರಿ ಹದಿನೈದು ನಿಮಿಷ ಇಡಿರಿ. ಆಕಳಿಸುವಾಗ ಗಲ್ಲದ ಕೆಳಗೆ ಮುಷ್ಟಿಯನ್ನು ಒತ್ತಿ ಹಿಡಿದರೆ ಬಾಯಿ ಅತಿಯಾಗಿ ತೆರೆಯದು. ಸುಮ್ಮನಿರುವಾಗ ತುಟಿ ಕೂಡಿರಲಿ, ಹಲ್ಲು ಕೂಡದಿರಲಿ. ಊಟದ ಹೊತ್ತು ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಮುಟ್ಟಬೇಕಾದ ಕೆಲಸವೇ ಇಲ್ಲ. ಸಾಲದ ಚಿಂತೆ, ಮಗುವಿನ ಜ್ವರ, ಮಾತಿನ ಚಕಮಕಿ ಇಂಥ ವೇಳೆಯಲ್ಲಿ ನಮಗರಿಯದಂತೆ ಹಲ್ಲು ಕಚ್ಚಿರುತ್ತೇವೆ.

ನಿದ್ರೆಯಲ್ಲಿ ಹಲ್ಲು ಕಡಿಯುವುದನ್ನು ಕಡಿಯುವವರು ಅರಿಯರು, ಪಕ್ಕದಲ್ಲಿ ಮಲಗಿದವರೇ ಅರಿಯುವರು. ಹೊಟ್ಟೆಯ ಹುಳುವಿನಿಂದ ಹೀಗಾಗುತ್ತದೆಂದು ಜಂತಿನ ಔಷಧ ಕುಡಿಸಿ ಸುಮ್ಮನಾಗಬಾರದು. ಹಾಸ್ಯ ಮಾಡದೆ ವೈದ್ಯರಿಗೆ ತಿಳಿಸಿ; ಹಲ್ಲಿನ ಮೇಲೆ ಹಾಕಿ ಮಲಗುವ ತಟ್ಟೆಯನ್ನು ಮಾಡಿಕೊಡುತ್ತಾರೆ. ಕೀಲುನೋವಿಗೆಂದು ಹಲ್ಲನ್ನು ಅರದಿಂದ ಉಜ್ಜಿ ಸವೆಸುವ ಸಲಹೆಗೆ ಅವಸರದಿಂದ ಒಪ್ಪಬಾರದು, ಏಕೆಂದರೆ ಸವೆಸಿದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ತಂತಿ ತೆಗೆದ ಮೇಲೆ ಕೊಡುವ ಹಲ್ಲು ಹಿಡಿಯುವ ತಟ್ಟೆ, ಅಂದರೆ ರಿಟೇನರ್, ಹಲವರ ಮನೆಯಲ್ಲಿ ಡಬ್ಬಿ ಸೇರಿರುತ್ತದೆ. ಬಸುರಿನ ವಾಂತಿಯ ಕಾಲದಲ್ಲಿ ಅದನ್ನು ಬಿಟ್ಟವರು ಆಮೇಲೆ ಹಾಕುವುದೇ ಇಲ್ಲ. ಹಲ್ಲು ಹಳೆಯ ಸ್ಥಾನಕ್ಕೆ ಮರಳುತ್ತದೆ, ಕೂಡುವ ರೀತಿ ಬದಲಾಗುತ್ತದೆ, ದೂರು ಕೀಲಿಗೆ ಹೋಗುತ್ತದೆ. ವಾಂತಿಯ ದಿನಗಳು ಕಳೆದ ಮೇಲೆ ಹಾಕಿ ನೋಡಿ. ಕೂರದಿದ್ದರೆ ಒತ್ತಿ ಕೂರಿಸದೆ ವೈದ್ಯರಿಗೆ ತೋರಿಸಿ. ಅದನ್ನು ಬಿಸಿನೀರಿನಲ್ಲಿ ತೊಳೆಯಬಾರದು, ಆಕಾರ ಕೆಡುತ್ತದೆ.

ಯಾವಾಗ, ಎಲ್ಲಿಗೆ

ಆಕಳಿಸಿದಾಗ ತೆರೆದ ಬಾಯಿ ಮುಚ್ಚದೆ ಹಾಗೆಯೇ ನಿಂತರೆ ಕೀಲು ಜಾರಿದೆ ಎಂದರ್ಥ. ಹೊಡೆದು ಮುಚ್ಚಿಸಲು ಹೋಗದೆ ಕೂಡಲೆ ಆಸ್ಪತ್ರೆಗೆ ಕರೆತನ್ನಿ. ಗಾಯವಾಗಿ ಕೆಲವು ದಿನಗಳಾದ ಮೇಲೆ ದವಡೆ ಕಚ್ಚಿಕೊಂಡರೆ ಅದು ಧನುರ್ವಾಯುವಾಗಿರಬಹುದು. ಏರು ಹತ್ತುವಾಗ ಎದೆ ಬಿಗಿದು ನೋವು ದವಡೆಗೂ ಹರಿದರೆ ಅದು ಹೃದಯದ ನೋವಾಗಿರಬಹುದು. ಈ ಎರಡಕ್ಕೂ 108ಕ್ಕೆ ಕರೆ ಮಾಡುವುದೇ ಸರಿ.

ಉಳಿದಂತೆ, ಎರಡು ವಾರ ಮನೆಯ ಉಪಚಾರ ಮಾಡಿಯೂ ನೋವು ತಗ್ಗದಿದ್ದರೆ, ಬಾಯಿಯಲ್ಲಿನ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ, ಕ್ಯಾಲೆಂಡರಿನ ಅಂಕಿ ಇಳಿಯುತ್ತಿದ್ದರೆ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರನ್ನು ಕಾಣಿರಿ. ಹೆಚ್ಚಿನ ಪರೀಕ್ಷೆ ಬೇಕೆಂದು ಅವರಿಗೆ ತೋರಿದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ದಂತ ವೈದ್ಯಕೀಯ ಕಾಲೇಜಿಗೋ ಚೀಟಿ ಕೊಡುತ್ತಾರೆ. ಹೋಗುವಾಗ ತಂತಿ ಹಾಕಿಸಿದ ಕಡೆಯ ಕಾಗದಗಳು, ಚಿಕಿತ್ಸೆಗೆ ಮುಂಚಿನ ಎಕ್ಸ್‌ರೇ, ಅಂಕಿ ಬರೆದ ಕ್ಯಾಲೆಂಡರ್ ಇವನ್ನು ಕೊಂಡೊಯ್ಯಿರಿ. ದಿನಕ್ಕೆ ಎಷ್ಟು ಕವಳ ಹಾಕುತ್ತೀರೆಂದು ಕೇಳಿದಾಗ ಅತ್ತೆ ಮಾವಂದಿರ ಎದುರು ಹೇಳಲು ಸಂಕೋಚವಾದರೆ, ವೈದ್ಯರ ಕೊಠಡಿಗೆ ಗಂಡಹೆಂಡಿರು ಇಬ್ಬರೇ ಹೋಗಿ ಸರಿಯಾದ ಲೆಕ್ಕವನ್ನೇ ಹೇಳಿರಿ.